ನಾಲ್ಕು ಮೂಲೆಯ ಚುಕ್ಕಿಗಳು

ನಮ್ಮಣ್ಣನ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಅದು ಚಿತ್ರಗಳ ಕೆಳಗೆ ಇದ್ದೇ ಇರುತ್ತದೆ. ಶಿಗ್ಗಾವಿಯ ಹೈಸ್ಕೂಲಿನ ಮಕ್ಕಳಿಗೆ ಅವನು ಡ್ರಾಯಿಂಗ್ ಮಾಸ್ತರ. ನಮ್ಮೂರು ದುಂಡಸಿಯಲ್ಲಿ ‘ಗ್ವಾದಲಿ ಮಾಸ್ತರ’. ಮನೆಯಲ್ಲಿ ದನ ಕಟ್ಟುತ್ತಿದ್ದ ಭಾಗವನ್ನು ಗುಡಿಸಿ, ಸುಣ್ಣ ಹೊಡೆದು, ದನಗಳಿಗೆ ಮೇವು ಹಾಕುವ ಗೋದಲಿಯಲ್ಲಿ ಹಾಳೆಯ ಸುರುಳಿ, ಬಣ್ಣದ ಡಬ್ಬಿ ಇಟ್ಟುಕೊಂಡಿದ್ದನಲ್ಲ, ಅದಕ್ಕೆ ಆ ಹೆಸರು. ನನಗೆ ಅವನು ಬರೀ ಅಣ್ಣ.

ಹೋದ ತಿಂಗಳು ಅವನ ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದಿದ್ದ. ಈಗ ಅವನೂ ಹಾನಗಲ್ಲಿನಲ್ಲಿ ಡ್ರಾಯಿಂಗ್ ಮಾಸ್ತರ. ಅಣ್ಣ ತೀರಿಕೊಂಡು ವರ್ಷವಾಗುತ್ತ ಬಂತು, ಚಿತ್ರಗಳಿಗೆ ಗಾಜಿನ ಕಟ್ಟು ಹಾಕಿಸಿ ಹಾನಗಲ್ಲಿನಲ್ಲಿ ಎಲ್ಲರಿಗೂ ತೋರಿಸೋಣ ಎಂದ. ಗೋದಲಿಯಿಂದ ಹಾಳೆಗಳನ್ನು ಒಂದೊಂದಾಗಿ ಎತ್ತಿ ಬಾಗಿಲಿನ ಬೆಳಕಿಗೆ ಹಿಡಿದ. ಅಣ್ಣ ಬರೆದ ಕಡೆಯ ವರ್ಷಗಳ ಕಟ್ಟು ಬಿಚ್ಚಿದಾಗ ಅವನ ಕೈ ನಿಂತಿತು.

“ಅಕ್ಕಾರ, ಇವನ್ನ ನೋಡ್ರಿ. ನಡುವ ಎಷ್ಟು ಬಿಗಿ ಐತಿ, ಅಂಚಿಗೆ ಬಂದಂಗ ಹೆಂಗ ಕೈ ಬಿಚ್ಚಿ ಬಿಟ್ಟಾರ! ಮಾಸ್ತರು ಜನ್ಮದಾಗ ಇಷ್ಟು ಸಡ್ಲ ಬರದವರಲ್ಲ. ಇವನ್ನಽ ಮುಂದಿನ ಗ್ವಾಡಿಗೆ ಹಾಕೂಣು.”

ಚಾ ಮಾಡುತ್ತೇನೆಂದು ನಾನು ಒಳಗೆ ಹೋದೆ. ಒಲೆ ಹಚ್ಚಲಿಲ್ಲ. ಸುಮ್ಮನೆ ಗೋಡೆಗೆ ಆನಿಕೊಂಡು ನಿಂತಿದ್ದೆ.

ಹೊರಡುವಾಗ ಅವನು, “ನೀವೊಂದ ನಾಕ ಮಾತು ಬರದು ಕೊಡ್ರಿ. ಮಾಸ್ತರನ್ನ ದಿನಾ ನೋಡಿದವರು ನೀವೊಬ್ಬರಽ” ಎಂದ. ನಾನು ನಾಲ್ಕನೇ ಇಯತ್ತೆಯವರೆಗೆ ಓದಿದವಳು, ನನಗೇನು ಬರೆಯಲು ಬರುತ್ತದೆ ಎಂದೆ. “ತಪ್ಪಿದ್ರ ನಾ ತಿದ್ದತೇನ್ರಿ” ಎಂದ. ಕಾಗುಣಿತವನ್ನು ಅವನು ತಿದ್ದಲಿ. ಉಳಿದದ್ದನ್ನು ತಿದ್ದಬಾರದೆಂದು ಕೈಮುಗಿದು ಕೇಳಿಕೊಳ್ಳುತ್ತೇನೆ.

ಅವ್ವ ಹಾಸಿಗೆ ಹಿಡಿದ ವರ್ಷ ನನ್ನನ್ನು ಶಾಲೆ ಬಿಡಿಸಿದರು. ಅದೇ ವರ್ಷ ಅಣ್ಣ ಚಿತ್ರ ಕಲಿಯಲು ಧಾರವಾಡಕ್ಕೆ ಹೋದ. ಅದನ್ನು ಯಾರೂ ತಪ್ಪೆಂದು ಮಾಡಿದ್ದಲ್ಲ, ನನಗೂ ಆಗ ತಪ್ಪೆನಿಸಲಿಲ್ಲ. ಮುಂದೆ ನನ್ನನ್ನು ಹಂಸಭಾವಿಗೆ ಕೊಟ್ಟರು. ಗಂಡ ತೀರಿಕೊಂಡ ಮೇಲೆ ಮಕ್ಕಳಿಲ್ಲದ ನಾನು ತವರಿಗೆ ಮರಳಿದೆ. ಅಷ್ಟರಲ್ಲಿ ಅತ್ತಿಗೆಯೂ ತೀರಿಹೋಗಿದ್ದಳು. ಮನೆಯಲ್ಲಿ ಉಳಿದವರು ನಾವಿಬ್ಬರೇ.

ಅಣ್ಣ ಬೆಳಿಗ್ಗೆ ಎದ್ದು ಮುಖ ತೊಳೆದವನೇ ಹಳೆಯ ಪೇಪರು ಹಾಸಿಕೊಂಡು ಕೂಡುತ್ತಿದ್ದ. ಕರಿ ಮಸಿಯಲ್ಲಿ ಕುಂಚ ಅದ್ದಿ, ಸ್ಕೇಲು ಹಿಡಿಯದೆ, ಸುದ್ದಿಯ ಮೇಲೆಯೇ ಎಡದಿಂದ ಬಲಕ್ಕೆ ಗೆರೆ ಎಳೆಯುತ್ತಿದ್ದ. ಪುಟ ಮುಗಿದರೆ ಇನ್ನೊಂದು ಪುಟ. ಆಮೇಲೆ ಬರೀ ಸೊನ್ನೆಗಳು. ಇದಕ್ಕೆ ಅವನು ‘ಕೈ ಎಬ್ಬಸೂದು’ ಎನ್ನುತ್ತಿದ್ದ.

“ಮೂವತ್ತ ವರ್ಷ ಮಕ್ಕಳಿಗೆ ಕಲಿಸೀದಿ, ಇನ್ನೂ ನಿನಗ ಗೆರಿ ಎಳ್ಯಾಕ ಬರವಲ್ದೇನು?” ಎಂದು ನಾನು ಒಮ್ಮೆ ಕಾಡಿಸಿದೆ.

“ನೀ ದಿನಾ ರೊಟ್ಟಿ ಹಿಟ್ಟ ನಾದತಿ. ನಿನ್ನಿ ನಾದಿದ್ದು ಇವತ್ತಿಗೆ ಬರತೈತೇನು?” ಎಂದ. ತಲೆ ಎತ್ತಲಿಲ್ಲ.

ಕೈ ಎದ್ದ ಮೇಲೆ ಅವನಿಗೆ ಅಡುಗೆ ಮನೆಯಿಂದ ಒಂದು ಪದಾರ್ಥ ಬೇಕು. ಒಂದು ಉಳ್ಳಾಗಡ್ಡಿ, ಎರಡು ಒಣಮೆಣಸಿನಕಾಯಿ, ಇಲ್ಲವೇ ಗರಿಗರಿಯಾಗಿ ಒಣಗಿದ ಒಂದು ಕಟಕ ರೊಟ್ಟಿ. ಆರಿಸಿ ಕೊಡುವವಳು ನಾನು. ಅದನ್ನು ಹಲಗೆಯ ಮೇಲೆ ಇಟ್ಟು, ಬಣ್ಣದಲ್ಲಿ ಬರೆದು, ಹತ್ತು ಗಂಟೆಗೆ ಮರಳಿ ಕೊಡುತ್ತಿದ್ದ. ಆಮೇಲೆ ನಾನು ಅಡುಗೆ ಮಾಡುತ್ತಿದ್ದೆ. ಕೊತ್ತಂಬರಿ ಕಟ್ಟು ಕೊಟ್ಟ ದಿನ ಊಟ ಎರಡು ಗಂಟೆಗೆ. ಒಂದು ಎಲೆಯನ್ನೂ ಬಿಡುತ್ತಿರಲಿಲ್ಲ. ಒಂದು ದಿನ ಅವಸರಕ್ಕೆ ಬದನೆಕಾಯಿಯನ್ನು ಅರ್ಧ ಚಿತ್ರದಲ್ಲೇ ಎತ್ತಿಕೊಂಡು ಬಂದು ಹೆಚ್ಚಿಬಿಟ್ಟೆ. ಅಣ್ಣ ಹಲಗೆ ಸಮೇತ ಒಳಗೆ ಬಂದ.

“ನನ್ನ ಬದನಿಕಾಯಿ ಎಲ್ಲೈತಿ ಬೇ?”

“ಒಗ್ಗರಣ್ಯಾಗ.”

“ಹಂಗಾರ ಒಗ್ಗರಣಿ ಬರೀತೇನಿ ಸರಿ” ಎಂದು ಒಲೆಯ ಮುಂದೆಯೇ ಕುಕ್ಕರುಗಾಲಲ್ಲಿ ಕುಳಿತ. ಆ ಹಾಳೆ ಈಗಲೂ ಇದೆ. ಅರ್ಧ ಬದನೆಕಾಯಿ ಹಲಗೆಯ ಮೇಲೆ, ಉಳಿದರ್ಧ ಬಾಣಲೆಯಲ್ಲಿ.

ರಿಟೈರ್ ಆದ ಮೇಲೆ ಅವನು ಹೊರಗೆ ಹೋಗಿ ಬರೆಯತೊಡಗಿದ. ವಾರಕ್ಕೆ ಒಂದು ಸಲ, ಕೆಲವೊಮ್ಮೆ ಎರಡು ಸಲ. ಹಾನಗಲ್ಲಿನ ಕೆರೆ ದಂಡೆ, ಸವಣೂರಿನ ಎಲೆಬಳ್ಳಿ ತೋಟಗಳು, ಹಿರೇಕೆರೂರಿನ ಸಂತೆ. ಎಲ್ಲಕ್ಕಿಂತ ಹೆಚ್ಚಾಗಿ ಸವಣೂರಿನ ಆ ಮೂರು ದೊಡ್ಡ ಹುಣಸೆ ಮರಗಳು. ಹತ್ತು ಜನ ಕೈ ಹಿಡಿದು ನಿಂತರೂ ತಬ್ಬಲಾಗದಂಥ ಬೊಡ್ಡೆ. ಬಿಸಿಲಿನಲ್ಲಿ ಒಬ್ಬನೇ ಕೂಡುತ್ತಾನೆಂದು ಛತ್ರಿ ಹಿಡಿಯಲು ನಾನೂ ಹೋಗತೊಡಗಿದೆ. ಕಾರಣ ಅಷ್ಟೇ ಎಂದು ಇಬ್ಬರೂ ತಿಳಿದಿದ್ದೆವು.

ಹುಣಸೆ ಮರಕ್ಕೆ ಹೋಗುವ ದಾರಿಯಲ್ಲಿ ಒಬ್ಬ ಸಾಬರ ಚಾದಂಗಡಿ ಇತ್ತು. ಆತ ನಮ್ಮನ್ನು ಕಂಡರೆ ಸಾಕು, “ಮಾಸ್ತರ, ಆ ಗಿಡ ಎಲ್ಲೂ ಓಡಿ ಹೋಗಂಗಿಲ್ಲ. ಚಾ ಆರಿ ಹೊಕ್ಕೈತಿ. ಮೊದ್ಲ ಇದನ್ನ ಕುಡೀರಿ” ಎನ್ನುತ್ತಿದ್ದ. ಬಸ್ಸು ಹೆಣ್ಣುಮಕ್ಕಳಿಗೆ ಪುಕ್ಕಟೆಯಾದ ಮೇಲಂತೂ ಅಣ್ಣನಿಗೆ ಒಂದು ಹೊಸ ಚೇಷ್ಟೆ ಸಿಕ್ಕಿತು. “ನಿನಗ ಪುಕ್ಕಟ, ನನಗ ಟಿಕೀಟ. ಇನ್ನ ಮ್ಯಾಲೆ ನೀನಽ ಹೋಗಿ ಚಿತ್ರ ಬರಕೊಂಡ ಬಾ, ನಾ ರೊಟ್ಟಿ ಬಡೀತೇನಿ.” ಬಸ್ಸಿನಲ್ಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ.

ಹೊರಗೆ ಕುಳಿತಾಗ ಅವನ ಪದ್ಧತಿಯೊಂದಿತ್ತು. ಮೊದಲು ಮುಷ್ಟಿಯನ್ನು ಕೊಳವೆಯಂತೆ ಮಾಡಿ, ಒಂದು ಕಣ್ಣಿಗೆ ಹಿಡಿದು, ಸುತ್ತಲೂ ನೋಡುತ್ತಿದ್ದ. ಎಲ್ಲಿ ಚಿತ್ರ ಕೂಡುತ್ತದೋ ಅಲ್ಲಿ ಕೈ ನಿಲ್ಲುತ್ತಿತ್ತು. ಶಾಲೆಯ ಮಕ್ಕಳಿಗೂ ಹೀಗೇ ಕಲಿಸಿದ್ದ. “ಮುಷ್ಟಿಯೊಳಗ ಬಂದಷ್ಟು ನಿಂದು. ಉಳದದ್ದು ಊರಂದು. ಊರಂದು ಕದೀಬ್ಯಾಡ.” ಆಮೇಲೆ ಗಟ್ಟಿ ಪೆನ್ಸಿಲ್ಲಿನಿಂದ ಹಾಳೆಯ ನಾಲ್ಕು ಮೂಲೆಗೆ ನಾಲ್ಕು ಚುಕ್ಕಿ ಇಡುತ್ತಿದ್ದ. ಅಂಚಿನಿಂದ ಒಂದು ಬೆರಳು ಒಳಗೆ. ಚಿತ್ರ ಆ ನಾಲ್ಕು ಚುಕ್ಕಿಗಳನ್ನು ಮುಟ್ಟುವವರೆಗೆ ಬರೆಯುವವನು ಏಳಬಾರದು. ಎದ್ದರೆ ಅರ್ಧ ಊಟಕ್ಕೆ ಎದ್ದ ಹಾಗೆ. ಪೆನ್ಸಿಲ್ಲನ್ನು ಎಷ್ಟು ಒತ್ತಿ ಬರೆಯುತ್ತಿದ್ದನೆಂದರೆ ಬಣ್ಣ ಮುಚ್ಚಿದ ಮೇಲೂ ಬೆರಳಾಡಿಸಿದರೆ ಗೆರೆಯ ಗೀರು ತಗಲುತ್ತಿತ್ತು. ಇನ್ನೊಂದು ನೇಮವೆಂದರೆ, ಹೊರಗೆ ಬರೆದದ್ದನ್ನು ಮನೆಗೆ ತಂದು ತಿದ್ದುವಂತಿಲ್ಲ. “ಅಲ್ಲಿ ಬಿಸಲು ಅಲ್ಲೇ ಉಳೀತು. ಇಲ್ಲಿ ಕುಂತು ಏನ್ ತಿದ್ದತಿ?”

ಮನೆಗೆ ಬಂದ ಮೇಲೆ ಅವನು ಮಲಗುತ್ತಿದ್ದ. ಬೋರ್ಡಿನಿಂದ ಹಾಳೆ ಬಿಡಿಸಿ, ಹಿಂದೆ ಊರು, ವಾರ ಬರೆದು, ಗೋದಲಿಯಲ್ಲಿ ಇಡುವುದು ನನ್ನ ಕೆಲಸ. ಅದಕ್ಕೇ ಮೊದಲು ಕಂಡದ್ದು ನನಗೆ.

ಚುಕ್ಕಿಗಳು ಒಳಗೆ ಸರಿಯುತ್ತಿದ್ದವು.

ಒಂದು ಬೆರಳು ಇದ್ದದ್ದು ಎರಡಾಯಿತು, ಎರಡಿದ್ದದ್ದು ಮೂರಾಯಿತು. ಚಿತ್ರ ಹಾಳೆಯ ನಡುವಿಗೆ ಬಂದು ಸುತ್ತಲೂ ಬಿಳಿ ಉಳಿಯತೊಡಗಿತು. ಮುಷ್ಟಿ ಹಿಡಿದು ನೋಡುವುದನ್ನೂ ಅವನು ಬಿಟ್ಟಿದ್ದ. “ಯಾಕಣ್ಣ, ಮುಷ್ಟಿ ಮರತಿ?” ಎಂದು ಕೇಳಿದೆ. “ಈಗ ಬೇಕಾಗವಲ್ದು ಬಿಡ. ಸುಮ್ನ ನೋಡಿದ್ರೂ ಹಂಗಽ ಕಾಣತೈತಿ” ಎಂದ. ದೊಡ್ಡ ಕಲಾವಿದನಾದ ಮೇಲೆ ಹಾಗಾಗುತ್ತದೆಂದು ನಾನು ತಿಳಿದೆ. ಎಂಥ ಮಾತು ಹೇಳಿದನೆಂಬುದು ನನಗೂ ಗೊತ್ತಾಗಲಿಲ್ಲ, ಅವನಿಗೂ ಗೊತ್ತಾಗಲಿಲ್ಲ.

ಆ ದಿನ ನಾವು ಹಾನಗಲ್ಲಿನ ಕೆರೆಯಿಂದ ಬಂದಿದ್ದೆವು. ಅಣ್ಣ ಮಲಗಿದ್ದ. ಹಾಳೆಯಲ್ಲಿ ನೀರು ಇತ್ತು, ದಂಡೆ ಇರಲಿಲ್ಲ. ಅರ್ಧ ಬಡಿಸಿದ ತಾಟಿನಂತೆ ಕಂಡಿತು. ಬಣ್ಣ ಕಲಸುವ ಪಿಂಗಾಣಿ ತಟ್ಟೆಯಲ್ಲಿ ಬೆಳಗಿನ ನೀಲಿ ಇನ್ನೂ ಹಸಿಯಾಗಿಯೇ ಇತ್ತು. ಕುಂಚ ಅದ್ದಿದೆ. ನೀರನ್ನು ಅಂಚಿನವರೆಗೆ ಎಳೆದೆ. ಮೂಲೆಯಲ್ಲಿ ನಾನು ನೋಡಿದ್ದ ಜೊಂಡು ಹುಲ್ಲು ಇಟ್ಟೆ. ಯಾರೂ ಕಲಿಸದಿದ್ದರೂ ಕೈಗೆ ಗೊತ್ತಿತ್ತು. ಅಷ್ಟು ವರ್ಷ ಛತ್ರಿ ಹಿಡಿದು ಅವನ ಭುಜದ ಮೇಲಿಂದ ನೋಡಿದ ಕೈ ಅದು.

ಮರುದಿನ ಅಣ್ಣ ಆ ಹಾಳೆಯನ್ನು ಮುಖದ ಹತ್ತಿರ ಹಿಡಿದು, ಒಂದೊಂದು ಮೂಲೆಯನ್ನೂ ಬೇರೆ ಬೇರೆಯಾಗಿ ನೋಡಿ, “ಹೂಂ, ತುಂಬೇತಿ” ಎಂದ. ತಾನೇ ಬರೆದದ್ದೆಂದು ತಿಳಿದ.

ನನಗೆ ಖುಷಿಯಾಯಿತು. ಇದನ್ನು ಬರೆಯಲು ಮೂರು ದಿನ ಹಿಡಿಯಿತು. ಆದರೂ ಅಂದು ನನಗೆ ಆದದ್ದು ಖುಷಿಯೇ.

ಆಮೇಲೆ ಪ್ರತಿ ಸಲವೂ ಹಾಗೇ ಮಾಡಿದೆ. ಅವನ ಒಳಗಿನ ಚುಕ್ಕಿಗಳನ್ನು ಬಣ್ಣದಲ್ಲಿ ಮುಚ್ಚುತ್ತಿದ್ದೆ. ಟೊಂಗೆಗಳನ್ನು ಹಾಳೆಯ ಹೊರಗಿನವರೆಗೆ ಬೆಳೆಸುತ್ತಿದ್ದೆ. ಅವನ ಎಡಕ್ಕೇ ನಡೆಯತೊಡಗಿದೆ. ಬಸ್ಸಿನ ಮೆಟ್ಟಿಲು ಬಂದರೆ “ಕಾಲ ಎತ್ತಣ್ಣ” ಎನ್ನುತ್ತಿದ್ದೆ. ಬಣ್ಣದ ಟ್ಯೂಬುಗಳನ್ನು ಅವನು ಹುಡುಕದಂತೆ ಸಾಲಾಗಿ ಕೈಗೇ ಇಡುತ್ತಿದ್ದೆ. ಕಣ್ಣಿಗೆ ಏನೋ ಆಗಿದೆಯೆಂದು ನನಗೆ ಗೊತ್ತಾಗಿತ್ತು. ಹೇಳಿದರೆ ಅವನು ಹೊರಗೆ ಹೋಗುವುದನ್ನು ಬಿಡುತ್ತಾನೆ, ಅವನು ಬಿಟ್ಟರೆ ನಾನೂ ಅಡುಗೆ ಮನೆಗೇ ಮರಳಬೇಕು. ಐವತ್ತೆಂಟು ವರ್ಷಕ್ಕೆ ನನಗೆ ಮೊದಲ ಸಲ ಒಂದು ಕೆರೆ, ಒಂದು ಮರ, ಒಂದು ಸಂತೆ ನೋಡಲು ಸಿಕ್ಕಿತ್ತು. ಸಾಯಂಕಾಲ ಒಂದು ಕುಂಚ ಸಿಕ್ಕಿತ್ತು.

ಆ ವರ್ಷ ಶಿಗ್ಗಾವಿಯಲ್ಲಿ ಕಣ್ಣು ತಪಾಸಣೆ ಶಿಬಿರ ಇಟ್ಟಿದ್ದರು. ಕನ್ನಡಕದ ನಂಬರು ನೋಡಿಸಿಕೊಂಡು ಬರಲು ಹೋದ ಅಣ್ಣನಿಗೆ ಅಲ್ಲಿಯ ಡಾಕ್ಟರು ಚೀಟಿ ಬರೆದು ಕೊಟ್ಟು, ಕಣ್ಣಿನ ಒಳಗಿನ ಒತ್ತಡ ಹೆಚ್ಚಾದಂತಿದೆ, ಹುಬ್ಬಳ್ಳಿಗೆ ಹೋಗಿ ಪರೀಕ್ಷೆ ಮಾಡಿಸಿರಿ, ಅಂಚಿನ ನೋಟ ಮೊದಲು ಹೋಗುತ್ತದೆ, ನೋಟ ಕಳೆದುಕೊಳ್ಳುವವರಿಗೇ ಗೊತ್ತಾಗುವುದಿಲ್ಲ ಎಂದಿದ್ದರಂತೆ. ಮನೆಗೆ ಬಂದ ಅಣ್ಣ ಚೀಟಿಯನ್ನು ನನ್ನ ಕೈಗೆ ಕೊಟ್ಟು ಗೋದಲಿಯ ಮುಂದೆ ಕುಳಿತ.

“ಅಂಚ ಹೊಕ್ಕಾವಂತ ಬೇ. ನನಗ ಗೊತ್ತಾಗಂಗಿಲ್ಲಂತ. ನನಗ ಗೊತ್ತಾಗಲಿಕ್ಕಂದ್ರ ನನ್ನ ಹಾಳಿಗೆ ಗೊತ್ತಾಗತೈತಲ್ಲ? ಆ ಕಟ್ಟ ತಗೀ.”

ತೆಗೆದು ಕೊಟ್ಟೆ. ಒಂದೊಂದೇ ಹಾಳೆಯನ್ನು ಮೂಗಿನ ಹತ್ತಿರ ಹಿಡಿದು ನಾಲ್ಕು ಮೂಲೆ ನೋಡಿದ. ಹಾನಗಲ್ಲಿನ ಕೆರೆ ತುಂಬಿತ್ತು. ಎಲೆಬಳ್ಳಿ ತೋಟ ತುಂಬಿತ್ತು. ಹುಣಸೆ ಮರ ಹಾಳೆಯಾಚೆಗೂ ಹೋಗಿತ್ತು. ಅವನ ಮುಖ ಹಗುರವಾಗುತ್ತ ಬಂತು. ಆದರೂ ಪೂರಾ ನಂಬಿಕೆಯಾಗದೆ ನನ್ನ ಕಡೆ ತಿರುಗಿದ. ತಿರುಗಿದ್ದು ನಾನಿದ್ದ ಕಡೆಗಲ್ಲ, ಸ್ವಲ್ಪ ಬಲಕ್ಕೆ.

“ನೀ ಏನಂತಿ? ನೀನೂ ದಿನಾ ನೋಡತಿ.”

ಆಗ ಹೇಳಬಹುದಿತ್ತು. ಒಂದು ಮಾತು ಸಾಕಿತ್ತು. ನನ್ನ ಉಗುರಿನಲ್ಲಿ ಹಿಂದಿನ ದಿನದ ಹಸಿರು ಇನ್ನೂ ಇತ್ತು.

“ತುಂಬ್ಯಾವಲ್ಲಣ್ಣ” ಎಂದೆ.

“ಹಂಗಾರ ಆ ಡಾಕ್ಟರಂದಽ ಕಣ್ಣ ತೋರಸ್ಬೇಕು” ಎಂದು ನಕ್ಕು ಚೀಟಿಯನ್ನು ಮಡಚಿ ಬಣ್ಣದ ಡಬ್ಬಿಯ ಕೆಳಗೆ ಇಟ್ಟ. ಮುಂದೆ ಕುಂಚ ಒರೆಸಲು ಅದನ್ನೇ ಬಳಸಿದ.

ಅಲ್ಲಿಂದ ಎಂಟು ತಿಂಗಳು ನಾವು ತಿರುಗಿದೆವು. ಆ ಎಂಟು ತಿಂಗಳ ಹಾಳೆಗಳೇ ಈಗ ಮುಂದಿನ ಗೋಡೆಗೆ ಬಂದಿರುವವು.

ಹಿರೇಕೆರೂರಿನ ಸಂತೆಯ ದಿನ ಗೋವಿನಜೋಳದ ರಾಶಿಯ ಎದುರು ಅವನು ಬರೆಯುತ್ತ ಕುಳಿತಿದ್ದ. ನಾನು ನೀರು ತರಲು ಹೋದೆ. ಚೀಲ ಹೇರಿದ ಕೈಗಾಡಿಯೊಂದು ಎಡಗಡೆಯಿಂದ ಬಂತು. ತಳ್ಳುವವನು ಕೂಗಿದ. ಅಣ್ಣ ಎದ್ದು ಸೀದಾ ಗಾಡಿಯ ಕಡೆಗೇ ಹೆಜ್ಜೆ ಇಟ್ಟ. ಪೆಟ್ಟೇನೂ ದೊಡ್ಡದಲ್ಲ, ಹುಬ್ಬು ಒಡೆದಿತ್ತು. ಗಾಡಿಯವನು ಗಾಬರಿಯಲ್ಲಿ, “ಏನ್ರೀ ಅಜ್ಜಾರ, ಇಷ್ಟ ದೊಡ್ಡ ಗಾಡಿ ಕಾಣಲಿಲ್ಲೇನ್ರಿ? ಗಂಟಲ ಹರ್ಕೊಂಡೇನಲ್ರಿ!” ಎನ್ನುತ್ತಿದ್ದ. ಅಣ್ಣ ಹಣೆಯ ಮೇಲೆ ಕರವಸ್ತ್ರ ಒತ್ತಿಕೊಂಡು, “ದನಿ ಕೇಳಿತಪಾ. ಗಾಡಿ ಎಲ್ಲಿಂದ ಬಂತು?” ಎಂದು ಕೇಳುತ್ತಲೇ ಇದ್ದ.

ಹುಬ್ಬಳ್ಳಿಯಲ್ಲಿ ಅವನನ್ನು ಒಂದು ಬುಟ್ಟಿಯಂಥ ಯಂತ್ರದ ಮುಂದೆ ಕೂಡಿಸಿದರು. ಒಳಗೆ ಬೆಳಕಿನ ಚುಕ್ಕಿ ಮಿನುಗಿದಾಗಲೆಲ್ಲ ಗುಂಡಿ ಒತ್ತಬೇಕು. ನಾನು ಪಕ್ಕದಲ್ಲಿ ನಿಂತು ಒತ್ತುವ ಸದ್ದಿಗೆ ಕಾಯುತ್ತಿದ್ದೆ. ಬಹಳ ಹೊತ್ತು ಸದ್ದೇ ಬರಲಿಲ್ಲ.

ಡಾಕ್ಟರು ಕಾಗದ ತೋರಿಸಿದರು. ನಡುವೆ ಕಾಸಿನಷ್ಟು ಬಿಳಿ, ಸುತ್ತ ಕಪ್ಪು. ಇದ್ದುದನ್ನು ಉಳಿಸಲು ನೋಡುತ್ತೇವೆ, ಹೋದದ್ದು ಬರುವುದಿಲ್ಲ, ಒಂದು ವರ್ಷ ಮೊದಲು ಬಂದಿದ್ದರೆ ಬಹಳ ಉಳಿಯುತ್ತಿತ್ತು ಎಂದರು. ಅಣ್ಣ ಒಪ್ಪಲಿಲ್ಲ.

“ಇಲ್ರೀ ಡಾಕ್ಟರ. ಎಂಟು ತಿಂಗಳ ಹಿಂದ ನಾನಽ ಪರೀಕ್ಷಾ ಮಾಡೇನಿ. ನನ್ನ ಹಾಳಿ ತುಂಬಿದ್ವು. ನಮ್ಮ ತಂಗಿ ಅದಾಳ ಕೇಳ್ರಿ.”

ಡಾಕ್ಟರು ನನ್ನ ಕಡೆ ನೋಡಿದರು. ನಾನು ಸೆರಗಿನ ತುದಿ ಹಿಡಿದು ನೆಲ ನೋಡುತ್ತಿದ್ದೆ.

ಹನಿ ಹಾಕಿದೆವು, ಆಪರೇಶನ್ನೂ ಆಯಿತು. ಆ ಕಾಸಿನಷ್ಟು ಬಿಳಿಯೂ ಆರು ತಿಂಗಳಲ್ಲಿ ಮುಚ್ಚಿತು. ಆದರೂ ಅಣ್ಣ ಬೆಳಿಗ್ಗೆ ಎದ್ದು ಪೇಪರಿನ ಮುಂದೆ ಕೂಡುವುದನ್ನು ಬಿಡಲಿಲ್ಲ. ನಾನು ಹಾಸಿ, ಕೈಗೆ ಕುಂಚ ಕೊಡುತ್ತಿದ್ದೆ. ಗೆರೆಗಳು ಒಂದರ ಮೇಲೊಂದು ಬೀಳುತ್ತಿದ್ದವು, ಕೆಲವು ಪೇಪರು ದಾಟಿ ನೆಲದ ಮೇಲೆ ಹೋಗುತ್ತಿದ್ದವು. “ನೆಟ್ಟಗ ಬಂತೇನು?” ಎಂದು ಕೇಳುತ್ತಿದ್ದ. “ಬಂತಣ್ಣ” ಎನ್ನುತ್ತಿದ್ದೆ. ಸುಳ್ಳು ಹೇಳುವುದು ನನಗೆ ಅಷ್ಟರಲ್ಲಿ ರೂಢಿಯಾಗಿತ್ತು.

ಒಂದು ಮಧ್ಯಾಹ್ನ ಸವಣೂರಿನ ಹುಣಸೆ ಮರದ ಹಾಳೆ ಬೇಕೆಂದ. ಕೊಟ್ಟೆ. ತೊಡೆಯ ಮೇಲೆ ಇಟ್ಟುಕೊಂಡು ಹೆಬ್ಬೆರಳಿನ ಉಗುರಿನಿಂದ ಬೊಡ್ಡೆಯ ಗೀರನ್ನು ಹುಡುಕಿ ಹಿಡಿದ. ಅವನ ಪೆನ್ಸಿಲ್ಲಿನ ಗೀರು ಹಾಳೆಯಲ್ಲಿ ಉಳಿಯುತ್ತದೆಂಬುದನ್ನು ನಾನು ಮರೆತೇಬಿಟ್ಟಿದ್ದೆ. ನಾನು ಪೆನ್ಸಿಲ್ ಮುಟ್ಟಿದವಳೇ ಅಲ್ಲ, ಬರೀ ಬಣ್ಣ ಎಳೆದವಳು. ಬೆರಳು ಬೊಡ್ಡೆಯಿಂದ ಮೇಲೇರಿ, ಟೊಂಗೆ ಹಿಡಿದು, ಅಲ್ಲೇ ನಿಂತಿತು. ಇನ್ನೊಂದು ಟೊಂಗೆ ಹಿಡಿದ. ಅದೂ ಅಲ್ಲೇ ನಿಂತಿತು. ಸುತ್ತ ಬೆರಳಾಡಿಸಿದ. ನಯ.

“ಇಲ್ಲೇ ನಿಂತೈತಿ ನೋಡ” ಎಂದ.

ನಾನು ಅವನ ಎದುರಿಗೆ ನೆಲದ ಮೇಲೆ ಕುಳಿತೆ.

“ಎಷ್ಟ ಹಾಳಿ?”

“ಎರಡ ವರ್ಷದ್ದು. ಎಲ್ಲಾ.”

“ಚೀಟಿ ಬಂದಾಗ ನಿನಗ ಗೊತ್ತಿತ್ತು.”

“ಗೊತ್ತಿತ್ತು.”

“ಯಾಕ ಹೇಳಲಿಲ್ಲ ಬೇ?”

ಉತ್ತರ ಬಹಳ ಇದ್ದವು. ಬಾಯಿಗೆ ಬಂದದ್ದು ಒಂದೇ. “ತಿರಗೂದು ನಿಂತು ಬಿಡತಿತ್ತಣ್ಣ.”

ಅವನು ಹಾಳೆಯನ್ನು ತೊಡೆಯ ಮೇಲೆ ನೆಟ್ಟಗೆ ಮಾಡಿಕೊಂಡ. ಆಮೇಲೆ, “ನೀ ಛತ್ರಿ ಹಿಡ್ಯಾಕ ಬರತಿ ಅಂತ ತಿಳಿದಿದ್ದೆ. ನೋಡಾಕ ಬರತಿದ್ದಿ ಅಂತ ಗೊತ್ತಾಗಲಿಲ್ಲ ನನಗ” ಎಂದ. ಅಂಚಿನ ನಯವಾದ ಜಾಗವನ್ನು ಮತ್ತೊಮ್ಮೆ ಸವರಿದ. ಬೈಯಲಿಲ್ಲ. ಬೈದಿದ್ದರೆ ನಾನು ಕಾಲು ಹಿಡಿಯುತ್ತಿದ್ದೆ. ಚಾ ಕೇಳಿದ.

ಮರುದಿನ ಬೆಳಿಗ್ಗೆ ಪೇಪರು ಹಾಸಲು ಹೋದರೆ ಅವನೇ ತಡಕಾಡಿ ಹಾಸಿಕೊಂಡಿದ್ದ. ತಲೆಕೆಳಗಾಗಿ. ಕುಂಚವನ್ನೂ ಅವನೇ ಹುಡುಕಿಕೊಂಡಿದ್ದ. ಆಮೇಲಿನ ಏಳು ತಿಂಗಳು, ಜ್ವರ ಬಂದು ಅವನು ತೀರಿಹೋಗುವವರೆಗೆ, ಗೆರೆ ನೆಟ್ಟಗೆ ಬಂತೇ ಎಂದು ನನ್ನನ್ನು ಒಮ್ಮೆಯೂ ಕೇಳಲಿಲ್ಲ. ಊಟ ಕೇಳುತ್ತಿದ್ದ, ಬಸ್ಸಿನ ಸದ್ದು ಕೇಳಿದರೆ ಯಾವ ಊರಿನದು ಎನ್ನುತ್ತಿದ್ದ, ನಗುತ್ತಲೂ ಇದ್ದ. ಅದೊಂದನ್ನು ಮಾತ್ರ ಕೇಳಲಿಲ್ಲ. ನಾನು ಬಾಗಿಲಲ್ಲಿ ನಿಂತು, ಈ ಸಲ ನಿಜ ಹೇಳಬೇಕೆಂದು ಕಾಯುತ್ತಿದ್ದೆ.

ಹಾನಗಲ್ಲಿನ ಹುಡುಗನಿಗೆ ಮೊನ್ನೆ ಫೋನು ಮಾಡಿದೆ. ಕಡೆಯ ಹಾಳೆಗಳಿಗೆ ಕಟ್ಟು ಹಾಕುವಾಗ ಚಿತ್ರದ ಸುತ್ತ ಇಡುವ ಒಳಗಿನ ರಟ್ಟನ್ನು ಅಗಲ ಮಾಡಿ ಅಂಚು ಮುಚ್ಚಿಬಿಡಪಾ ಎಂದೆ. “ಅಂಚಿನ್ಯಾಗಽ ಜೀವ ಐತ್ರಿ ಅಕ್ಕಾರ. ಅದನ್ನ ಮುಚ್ಚಿದ್ರ ಏನ್ ಉಳೀತೈತ್ರಿ?” ಎಂದ. ಯಾಕೆ ಹಾಗೆ ಹೇಳುತ್ತೀರಿ ಎಂದು ಕೇಳಿದ. ನನ್ನ ಬಾಯಿಗೆ ಬರಲಿಲ್ಲ. ಕಟ್ಟು ಆಗಲೇ ಹಾಕಿಯಾಗಿತ್ತಂತೆ.

ಅದಕ್ಕೇ ಬರೆದೆ. ಇದನ್ನು ಓದಿದವರು ಮುಂದಿನ ಗೋಡೆಯ ಹತ್ತಿರ ಹೋದಾಗ, ನಮ್ಮಣ್ಣ ಶಾಲೆಯ ಮಕ್ಕಳಿಗೆ ಕಲಿಸಿದ ಹಾಗೆ ಮುಷ್ಟಿಯನ್ನು ಕೊಳವೆ ಮಾಡಿ ಒಂದು ಕಣ್ಣಿಗೆ ಹಿಡಿಯಿರಿ. ಹಾಳೆಯಿಂದ ಹಾಳೆಗೆ ಸರಿದಂತೆ ಮುಷ್ಟಿಯನ್ನು ಸ್ವಲ್ಪ ಸ್ವಲ್ಪ ಬಿಗಿ ಮಾಡಿರಿ. ಕಡೆಯ ಹುಣಸೆ ಮರಕ್ಕೆ ಬಂದಾಗ ಒಂದು ಕಾಸಿನಷ್ಟು ತೂತು ಸಾಕು.

ಅದರೊಳಗೆ ಕಾಣುವುದು ನಮ್ಮಣ್ಣನದು. ಉಳಿದದ್ದು ನನ್ನದು.